ಗಾಲಿಯೂ ಗಾಳಿಯೂ

ಮನುಷ್ಯನು ಗಾಲಿಯನ್ನು ಕಂಡುಹಿಡಿದು ಐದು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಆ ಗಾಲಿಗೆ ಗಾಳಿಯನ್ನು ತುಂಬಬಹುದೆಂದು ಅವನಿಗೆ ಹೊಳೆದು ಇನ್ನೂ ಇನ್ನೂರು ವರ್ಷಗಳಾಗಿಲ್ಲ. ಕನ್ನಡದಲ್ಲಿ ಗಾಲಿ, ಗಾಳಿ ಎಂಬ ಎರಡು ಮಾತುಗಳ ನಡುವಿನ ಅಂತರ ಒಂದೇ ಅಕ್ಷರದ್ದು. ಚರಿತ್ರೆಯಲ್ಲಿ ಆ ಅಂತರವನ್ನು ದಾಟುವುದಕ್ಕೆ ಮಾತ್ರ ಇಷ್ಟು ದೀರ್ಘಕಾಲ ಹಿಡಿಯಿತು.

ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸಿರುವುದನ್ನು ನೀವು ನೋಡಿರಬಹುದು. ಅಂತಹ ಗಾಲಿಯ ಅಡಿಯಲ್ಲಿ ಒಂದು ಕಲ್ಲು ಸಿಕ್ಕಿದರೆ ಕಲ್ಲೂ ಮಣಿಯುವುದಿಲ್ಲ, ಕಬ್ಬಿಣವೂ ಮಣಿಯುವುದಿಲ್ಲ. ಬಂಡಿಯೇ ಮೇಲಕ್ಕೆದ್ದು ಕೆಳಗೆ ಬೀಳಬೇಕು. ಒಳಗೆ ಕುಳಿತವರ ಪಾಡನ್ನು ಹೇಳಬೇಕಾಗಿಲ್ಲ. ಗಾಳಿ ತುಂಬಿದ ಗಾಲಿಯ ರೀತಿಯೇ ಬೇರೆ. ಕಲ್ಲು ಬಂದಾಗ ಟಯರು ಆ ಜಾಗದಲ್ಲಿ ಒಳಕ್ಕೆ ತಗ್ಗಿ, ಕಲ್ಲನ್ನು ತನ್ನೊಳಗೆ ತೆಗೆದುಕೊಂಡು, ಅದನ್ನು ದಾಟಿದೊಡನೆ ಮತ್ತೆ ಮೊದಲಿನಂತಾಗುತ್ತದೆ. ಸವಾರನು ಕುಳಿತಲ್ಲಿಯೇ ಇರುತ್ತಾನೆ. ರಸ್ತೆಯ ಒರಟುತನವನ್ನು ಸವಾರನಿಗೆ ಮುಟ್ಟದಂತೆ ನಡುವೆಯೇ ನುಂಗಿಕೊಳ್ಳುವುದು ಗಾಳಿಯ ಕೆಲಸ.

ಈ ವಿಚಾರವನ್ನು ಮೊದಲು ಕಾರ್ಯರೂಪಕ್ಕೆ ತಂದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ರಬ್ಬರು ಬಳಿದ ಬಟ್ಟೆಯ ಕೊಳವೆಗೆ ಗಾಳಿ ತುಂಬಿ, ಅದರ ಮೇಲೆ ಚರ್ಮದ ಹೊದಿಕೆಯನ್ನು ಹಾಕಿ, ಕುದುರೆ ಗಾಡಿಯ ಗಾಲಿಗೆ ಜೋಡಿಸಬಹುದೆಂದು ತೋರಿಸಿ ಅವರು 1845ರಲ್ಲಿ ಪೇಟೆಂಟ್ ಪಡೆದರು. ಆದರೆ ಆ ಕಾಲಕ್ಕೆ ಅದು ದುಬಾರಿಯ ವಸ್ತುವಾಗಿತ್ತು. ಜನರು ಅದನ್ನು ಮರೆತೇಬಿಟ್ಟರು. ನಲವತ್ತು ವರ್ಷಗಳ ಅನಂತರ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ 1887ರಲ್ಲಿ ಗಾಳಿಯ ಟಯರನ್ನು ಮಾಡಿಕೊಟ್ಟರು. ಥಾಮ್ಸನ್ನರ ಪ್ರಯತ್ನದ ಅರಿವು ಅವರಿಗಿರಲಿಲ್ಲ. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರರು ಇಂತಹ ಟಯರುಗಳ ಸೈಕಲ್ಲಿನಿಂದ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದ ಮೇಲೆ ಗಟ್ಟಿ ರಬ್ಬರಿನ ಟಯರಿನ ಕಾಲ ಮುಗಿಯುತ್ತ ಬಂದಿತು. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ರಿಮ್ಮಿನಿಂದ ಸುಲಭವಾಗಿ ಬಿಚ್ಚಿ ತೆಗೆಯಬಹುದಾದ ಟಯರನ್ನು ರೂಪಿಸಿದರು. ದಾರಿಯ ಮಧ್ಯದಲ್ಲಿ ಪಂಕ್ಚರ್ ಆದರೂ ಸವಾರನು ತಾನೇ ಅದನ್ನು ಸರಿಪಡಿಸಿಕೊಳ್ಳುವಂತಾಯಿತು.

ಟಯರು ಬಂದ ಮೇಲೆ ಅಳತೆಯ ಪ್ರಶ್ನೆ ಎದ್ದಿತು. ಇಲ್ಲಿ ಫ್ರಾನ್ಸಿನವರು ಒಂದು ಜಾಣ್ಮೆಯ ಕ್ರಮವನ್ನು ಅನುಸರಿಸಿದರು. ಗಾಳಿ ತುಂಬಿದ ಟಯರಿನ ಹೊರವ್ಯಾಸವನ್ನು ಸುಮಾರಾಗಿ ಮಿಲಿಮೀಟರುಗಳಲ್ಲಿ ಹೇಳಿ, ಅದರ ಮುಂದೆ ಎ, ಬಿ, ಸಿ ಎಂಬ ಅಕ್ಷರಗಳಲ್ಲಿ ಒಂದನ್ನು ಬರೆದರು. ಅಕ್ಷರವು ಟಯರಿನ ಅಗಲವನ್ನು ಸೂಚಿಸುತ್ತಿತ್ತು. ಎ ಎಂದರೆ ಕಿರಿದು. ಬಿ ಅದಕ್ಕಿಂತ ಅಗಲ. ಸಿ ಇನ್ನೂ ಅಗಲ. ಹೊರವ್ಯಾಸವು ಒಂದೇ ಆಗಿದ್ದು ಟಯರು ಅಗಲವಾಗಬೇಕಾದರೆ ಏನಾಗಬೇಕು? ಒಳಗಿನ ರಿಮ್ಮು ಚಿಕ್ಕದಾಗಬೇಕು. ಆದುದರಿಂದಲೇ 650ಎ ರಿಮ್ಮಿನಲ್ಲಿ ಟಯರಿನ ಅಂಚು ಕುಳಿತುಕೊಳ್ಳುವ ಜಾಗದ ವ್ಯಾಸ 590 ಮಿಲಿಮೀಟರ್; 650ಬಿ ರಿಮ್ಮಿನಲ್ಲಿ 584; 650ಸಿ ರಿಮ್ಮಿನಲ್ಲಿ 571. ರಿಮ್ಮು ಕುಗ್ಗಿದಷ್ಟೂ ಗಾಳಿಗೆ ಜಾಗ ಹೆಚ್ಚುತ್ತದೆ. ಈ ಒಂದು ಮಾತು ಮುಂದಿನದಕ್ಕೆಲ್ಲ ಕೀಲಿಕೈ.

ಇದು ನಮಗೆ ದೂರದ ಸಂಗತಿಯಲ್ಲ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನುಗಳನ್ನೂ ಹುಲ್ಲಿನ ಹೊರೆಯನ್ನೂ ಹೊತ್ತು ತಿರುಗಿದ ಕಪ್ಪು ಬಣ್ಣದ ದೊಡ್ಡ ಸೈಕಲ್ಲಿನ ಟಯರಿನ ಮೇಲೆ 28 × 1½ ಎಂದು ಬರೆದಿರುತ್ತದೆ. ಅದರ ರಿಮ್ಮಿನ ಅಳತೆ 635 ಮಿಲಿಮೀಟರ್. ಫ್ರಾನ್ಸಿನವರ 700ಬಿ ಎಂಬುದೂ ಇದೇ. 26 × 1⅜ ಎಂಬ ಟಯರಿನ ರಿಮ್ಮು ಅವರ 650ಎ, ಎಂದರೆ 590 ಮಿಲಿಮೀಟರ್. ಆದರೆ ಬೆಟ್ಟದ ಸೈಕಲ್ಲುಗಳ 26 ಇಂಚಿನ ರಿಮ್ಮು 559 ಮಿಲಿಮೀಟರ್ ಮಾತ್ರ. ಹೆಸರಿನಲ್ಲಿ ಎರಡೂ 26. ಒಂದರ ಟಯರು ಮತ್ತೊಂದಕ್ಕೆ ಕೂರುವುದಿಲ್ಲ. ಈ ಗೊಂದಲವನ್ನು ಕಳೆಯುವುದಕ್ಕಾಗಿ ಈಗ ಟಯರಿನ ಪಕ್ಕದಲ್ಲಿ ಎರಡು ಸಂಖ್ಯೆಗಳನ್ನು ಅಚ್ಚೊತ್ತುತ್ತಾರೆ. 28-622 ಎಂದಿದ್ದರೆ ಟಯರಿನ ಅಗಲ 28 ಮಿಲಿಮೀಟರ್, ರಿಮ್ಮಿನ ಅಳತೆ 622 ಮಿಲಿಮೀಟರ್ ಎಂದರ್ಥ. ಅಂಗಡಿಯ ಹೆಸರನ್ನು ನಂಬುವುದಕ್ಕಿಂತ ಈ ಸಂಖ್ಯೆಗಳನ್ನು ನಂಬುವುದು ಲೇಸು.

ಈಗ ಒಂದು ಸಮಸ್ಯೆಯನ್ನು ಎತ್ತಿಕೊಳ್ಳೋಣ. ಒಬ್ಬ ಸವಾರನ ಬಳಿ ಉತ್ತಮವಾದ ಸೈಕಲ್ಲಿದೆ. ಅದರ ರಿಮ್ಮು 622, ಟಯರು 28. ನಗರದ ಡಾಂಬರು ರಸ್ತೆಯಲ್ಲಿ ಅದು ಹಕ್ಕಿಯಂತೆ ಸಾಗುತ್ತದೆ. ಆದರೆ ಅವನು ಈಗ ದಿನವೂ ಜಲ್ಲಿಕಲ್ಲಿನ ಹಾದಿಯಲ್ಲಿ ಹೋಗಬೇಕಾಗಿದೆ. ಕಿರಿದಾದ ಟಯರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ಅಂಗೈ ಜೋಮು ಹಿಡಿಯುತ್ತದೆ. ಮಳೆಗಾಲದಲ್ಲಿ ಗಾಲಿ ಜಾರುತ್ತದೆ. ಇನ್ನೊಂದು ಸೈಕಲ್ಲನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ಇರುವ ಚೌಕಟ್ಟನ್ನೇ ಉಳಿಸಿಕೊಂಡು, ಗಾಲಿಗಳನ್ನು ಮಾತ್ರ ಬದಲಾಯಿಸಲು ಸಾಧ್ಯವೇ?

ಹಿಂದೆ ಇದಕ್ಕೆ ದೊರೆಯುತ್ತಿದ್ದ ಉತ್ತರ ಸಾಮಾನ್ಯವಾಗಿ ‘ಇಲ್ಲ’ ಎಂಬುದೇ. ಅದಕ್ಕೆ ಕಾರಣ ಬ್ರೇಕು. ಹಳೆಯ ಸೈಕಲ್ಲಿನಲ್ಲಿ ಬ್ರೇಕಿನ ರಬ್ಬರು ರಿಮ್ಮನ್ನೇ ಒತ್ತಿ ಹಿಡಿಯುತ್ತದೆ. ರಬ್ಬರಿನ ಜಾಗವು ಚೌಕಟ್ಟಿನ ಮೇಲೆ ನಿಗದಿಯಾಗಿರುವುದರಿಂದ ರಿಮ್ಮು ಸರಿಯಾಗಿ ಅದರ ಎದುರಿಗೇ ಬರಬೇಕು. 622ರ ಬದಲು 584ರ ರಿಮ್ಮನ್ನು ಹಾಕಿದರೆ ಅದರ ಅಂಚು 19 ಮಿಲಿಮೀಟರುಗಳಷ್ಟು ಒಳಕ್ಕೆ ಸರಿಯುತ್ತದೆ. ರಬ್ಬರು ಅಷ್ಟು ದೂರ ಎಟುಕದು. ಅದು ಟಯರನ್ನೇ ಉಜ್ಜಿ ಹರಿದುಬಿಡಬಹುದು. ಹೀಗೆ ಬ್ರೇಕು ರಿಮ್ಮಿಗೂ, ರಿಮ್ಮು ಚೌಕಟ್ಟಿಗೂ ಕಟ್ಟುಬಿದ್ದಿದ್ದವು.

ಈ ಕಟ್ಟನ್ನು ಬಿಡಿಸಿದ್ದು ಡಿಸ್ಕ್ ಬ್ರೇಕು. ಇದರಲ್ಲಿ ಗಾಲಿಯ ನಡುವಿನ ಹಬ್ಬಿಗೆ ಉಕ್ಕಿನ ತೆಳುವಾದ ತಟ್ಟೆಯೊಂದನ್ನು ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಅದರ ವ್ಯಾಸ 140 ಅಥವಾ 160 ಮಿಲಿಮೀಟರ್. ಬ್ರೇಕನ್ನು ಹಿಡಿದಾಗ ಎರಡು ಬಿಲ್ಲೆಗಳು ಆ ತಟ್ಟೆಯನ್ನು ಎರಡು ಕಡೆಯಿಂದಲೂ ಅದುಮುತ್ತವೆ. ರಿಮ್ಮಿಗೂ ಬ್ರೇಕಿಗೂ ಇಲ್ಲಿ ಸಂಬಂಧವೇ ಇಲ್ಲ. ಬೆಟ್ಟದ ಸೈಕಲ್ಲುಗಳಲ್ಲಿ ಮೊದಲು ಬಳಕೆಗೆ ಬಂದ ಈ ಬ್ರೇಕಿಗೆ ರಸ್ತೆಯ ಪಂದ್ಯಗಳಲ್ಲಿಯೂ 2018ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪೂರ್ಣ ಒಪ್ಪಿಗೆ ದೊರೆಯಿತು. ರಿಮ್ಮು ದೊಡ್ಡದಿರಲಿ, ಚಿಕ್ಕದಿರಲಿ, ಡಿಸ್ಕ್ ಬ್ರೇಕು ತನ್ನ ಕೆಲಸವನ್ನು ತಾನು ಮಾಡುತ್ತದೆ.

ಈಗ ನಮ್ಮ ಸವಾರನ ಲೆಕ್ಕವನ್ನು ಮಾಡೋಣ. ಅವನ ಹಳೆಯ ಗಾಲಿಯ ಹೊರವ್ಯಾಸ, ರಿಮ್ಮಿನ 622ಕ್ಕೆ ಎರಡು ಕಡೆಯ ಟಯರನ್ನು ಕೂಡಿಸಿದರೆ, 28 + 622 + 28 = 678 ಮಿಲಿಮೀಟರ್. ಹೊಸದಾಗಿ 584ರ ರಿಮ್ಮಿಗೆ 47ರ ಟಯರನ್ನು ಹಾಕಿದನೆನ್ನಿ: 47 + 584 + 47 = 678. ಎರಡೂ ಒಂದೇ! ನೆಲದಿಂದ ಚೌಕಟ್ಟಿನ ಎತ್ತರ ಬದಲಾಗಲಿಲ್ಲ. ಪೆಡಲಿನ ಒಂದು ಸುತ್ತಿಗೆ ಸಾಗುವ ದೂರವೂ ಬದಲಾಗಲಿಲ್ಲ. ಬದಲಾದದ್ದು ಒಳಗಿನ ಗಾಳಿ. ಟಯರಿನ ಅಡ್ಡಕೊಯ್ತವನ್ನು ವೃತ್ತವೆಂದು ಭಾವಿಸಿದರೆ, ಹೊಸ ಟಯರಿನಲ್ಲಿ ಮೊದಲಿನ ಎರಡೂಮುಕ್ಕಾಲು ಪಟ್ಟು ಗಾಳಿ ಹಿಡಿಯುತ್ತದೆ.

ಇಷ್ಟು ಗಾಳಿಯಿಂದ ಆಗುವ ಲಾಭವೇನು? ಟಯರು ನೆಲವನ್ನು ಮುಟ್ಟುವ ಜಾಗದ ವಿಸ್ತೀರ್ಣವನ್ನು, ಭಾರವನ್ನು ಒತ್ತಡದಿಂದ ಭಾಗಿಸಿ ಸ್ಥೂಲವಾಗಿ ತಿಳಿಯಬಹುದು. ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ಎಂದೂ, ಒಂದೊಂದು ಗಾಲಿಯ ಮೇಲೆ 40 ಕಿಲೋಗ್ರಾಂ ಭಾರ ಬೀಳುತ್ತದೆಂದೂ ಇಟ್ಟುಕೊಳ್ಳೋಣ. ಕಿರಿದಾದ ಟಯರಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡವಿದ್ದರೆ, ನೆಲವನ್ನು ಮುಟ್ಟುವ ಜಾಗ 8 ಚದರ ಸೆಂಟಿಮೀಟರ್. ಅಗಲವಾದ ಟಯರಿಗೆ ಅದರ ಅರ್ಧದಷ್ಟು ಒತ್ತಡ ಸಾಕು. ಆಗ ಜಾಗ 16 ಚದರ ಸೆಂಟಿಮೀಟರ್ ಆಗುತ್ತದೆ. ಕಿರಿದಾದ ಟಯರಿನಲ್ಲಿ ಒತ್ತಡವನ್ನು ಇಷ್ಟು ಇಳಿಸಿದರೆ ಕಲ್ಲಿನ ಏಟು ನೇರವಾಗಿ ರಿಮ್ಮಿಗೆ ತಗುಲಿ ಟ್ಯೂಬು ಒಡೆಯುತ್ತದೆ. ಅಗಲವಾದ ಟಯರಿನಲ್ಲಿ ಕಲ್ಲಿಗೂ ರಿಮ್ಮಿಗೂ ನಡುವೆ ಸಾಕಷ್ಟು ಎಡೆಯಿರುವುದರಿಂದ ಆ ಭಯ ಕಡಿಮೆ. ಹಿಡಿತ ಹೆಚ್ಚುತ್ತದೆ, ಅದುರಾಟ ತಗ್ಗುತ್ತದೆ.

ಆದರೆ ಲೆಕ್ಕವು ಕಾಗದದ ಮೇಲೆ ಸರಿಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲನೆಯದಾಗಿ, ಅಗಲವಾದ ಟಯರಿಗೆ ಚೌಕಟ್ಟಿನಲ್ಲಿ ಜಾಗವಿರಬೇಕು. ಮುಂದಿನ ಫೋರ್ಕಿನ ಎರಡು ಕಾಲುಗಳ ನಡುವೆಯೂ, ಪೆಡಲಿನ ಅಚ್ಚಿನಿಂದ ಹಿಂದಿನ ಗಾಲಿಯ ಕಡೆಗೆ ಚಾಚಿರುವ ಎರಡು ಕೊಳವೆಗಳ ನಡುವೆಯೂ ಅಳೆಯಬೇಕು. ಟಯರಿನ ಒಂದೊಂದು ಪಕ್ಕದಲ್ಲಿಯೂ ಆರು ಮಿಲಿಮೀಟರುಗಳಾದರೂ ಬಿಡುವಿರಬೇಕೆಂದರೆ, 47ರ ಟಯರಿಗೆ 59 ಮಿಲಿಮೀಟರ್ ಬೇಕು. ಚಿಕ್ಕ ರಿಮ್ಮಿನ ಗಾಲಿಯಲ್ಲಿ ಟಯರಿನ ಅತಿ ಅಗಲವಾದ ಭಾಗವು ಅಚ್ಚಿನ ಕಡೆಗೆ ಸುಮಾರು ಒಂಬತ್ತೂವರೆ ಮಿಲಿಮೀಟರ್ ಸರಿದಿರುತ್ತದೆ. ಅಲ್ಲಿ ಕೊಳವೆಗಳು ಸಾಮಾನ್ಯವಾಗಿ ಹೆಚ್ಚು ಅಗಲಿಸಿರುವುದರಿಂದ ಸ್ವಲ್ಪ ಅನುಕೂಲವಾಗುತ್ತದೆ. ಆದರೂ ಪಂದ್ಯಕ್ಕೆಂದೇ ಮಾಡಿದ ಇಕ್ಕಟ್ಟಾದ ಚೌಕಟ್ಟಿನಲ್ಲಿ ಇಷ್ಟು ಜಾಗ ದೊರೆಯುವುದು ವಿರಳ. ಬಿಡುವಿಲ್ಲದ ಕಡೆ ಒಂದು ಚಿಕ್ಕ ಕಲ್ಲೋ ಕೆಸರಿನ ಉಂಡೆಯೋ ಸಿಕ್ಕಿಕೊಂಡರೆ ಗಾಲಿ ಥಟ್ಟನೆ ನಿಲ್ಲುತ್ತದೆ. ಅದು ಮುಂದಿನ ಗಾಲಿಯಾದರೆ ಸವಾರನು ತಲೆಕೆಳಗಾಗಿ ಬೀಳುತ್ತಾನೆ. ಕೆಲವು ಮಿಲಿಮೀಟರುಗಳ ಅಸಡ್ಡೆಗೆ ತೆರಬೇಕಾದ ಬೆಲೆ ಇಷ್ಟು ದೊಡ್ಡದು.

ಎರಡನೆಯದಾಗಿ, ಹೊರವ್ಯಾಸವು ಹೆಚ್ಚು ಕಡಿಮೆಯಾಗಬಾರದು. 40-622ರ ಟಯರಿಗಾಗಿ ಮಾಡಿದ ಚೌಕಟ್ಟಿಗೆ 42-584ರ ಟಯರನ್ನು ಹಾಕಿದರೆ ವ್ಯಾಸವು 702ರಿಂದ 668ಕ್ಕೆ ಇಳಿಯುತ್ತದೆ. ಪೆಡಲು ನೆಲಕ್ಕೆ 17 ಮಿಲಿಮೀಟರ್ ಹತ್ತಿರವಾಗುತ್ತದೆ. ತಿರುವಿನಲ್ಲಿ ಸೈಕಲ್ಲು ವಾಲಿದಾಗ ಪೆಡಲು ನೆಲಕ್ಕೆ ಬಡಿಯಬಹುದು. ಮುಂದೆ 48, ಹಿಂದೆ 16 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ 6.62 ಮೀಟರ್ ಸಾಗುತ್ತಿದ್ದ ಸೈಕಲ್ಲು ಆಗ 6.30 ಮೀಟರ್ ಮಾತ್ರ ಸಾಗುತ್ತದೆ.

ಮೂರನೆಯದಾಗಿ, ಹೊಸ ಗಾಲಿಯ ಹಬ್ಬು ಹಳೆಯದರ ಅಗಲಕ್ಕೂ ಅಚ್ಚಿನ ಬಗೆಗೂ ಹೊಂದಬೇಕು. ಡಿಸ್ಕಿನ ತಟ್ಟೆಯು ಮೊದಲಿನ ವ್ಯಾಸದ್ದೇ ಆಗಿರಬೇಕು. ರಿಮ್ಮಿನ ಒಳಗಲವು ಟಯರಿಗೆ ತಕ್ಕಂತಿರಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಡಿಸ್ಕ್ ಬ್ರೇಕಿಗೆಂದು ಮಾಡದ ಚೌಕಟ್ಟಿಗೆ ಅದನ್ನು ಬಲವಂತವಾಗಿ ಕಟ್ಟಬಾರದು. ಬ್ರೇಕು ಹಿಡಿದಾಗ ಆ ಬಲವೆಲ್ಲ ಫೋರ್ಕಿನ ಒಂದು ಕಾಲಿನ ತುದಿಯ ಮೇಲೆ ಬೀಳುತ್ತದೆ. ಅದನ್ನು ತಾಳುವಂತೆ ಮಾಡದ ಫೋರ್ಕು ಬಾಗಬಹುದು, ಮುರಿಯಲೂಬಹುದು.

ಇಷ್ಟೆಲ್ಲ ಸರಿಹೊಂದಿದರೂ ಲಾಭದ ಜೊತೆಗೆ ಒಂದಿಷ್ಟು ನಷ್ಟವೂ ಇದೆ. ಅಗಲವಾದ ಟಯರು ಸಾಮಾನ್ಯವಾಗಿ ಹೆಚ್ಚು ತೂಕದ್ದು. ವೇಗವಾಗಿ ಹೋಗುವಾಗ ಎದುರುಗಾಳಿಗೆ ಹೆಚ್ಚು ತಡೆಯೊಡ್ಡುತ್ತದೆ. ನುಣುಪಾದ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡುವವನಿಗೆ ಕಿರಿದಾದ ಟಯರೇ ಹಿತವಾಗಬಹುದು. ಒರಟು ಹಾದಿಯಲ್ಲಿ ಮಾತ್ರ ಸವಾರನ ಮೈಯನ್ನು ಕುಲುಕಿಸುವುದರಲ್ಲಿಯೇ ಅವನ ಶಕ್ತಿಯ ಒಂದು ಪಾಲು ವ್ಯರ್ಥವಾಗುವುದರಿಂದ ಅಗಲವಾದ ಟಯರು ಗೆಲ್ಲುತ್ತದೆ. ಯಾವುದು ಉತ್ತಮವೆಂಬುದನ್ನು ಹೇಳಬೇಕಾದದ್ದು ಹಾದಿ.

ಯಂತ್ರದ ಒಂದು ಅಂಗವನ್ನು ಬದಲಾಯಿಸುವವನು ಅದರ ನೆರೆಹೊರೆಯ ಅಂಗಗಳನ್ನೂ ವಿಚಾರಿಸಿಕೊಳ್ಳಬೇಕು. ಗಾಲಿಯನ್ನು ಮುಟ್ಟಿದರೆ ಬ್ರೇಕು, ಚೌಕಟ್ಟು, ಪೆಡಲು ಎಲ್ಲವೂ ತಮ್ಮ ಮಾತನ್ನು ಹೇಳುತ್ತವೆ. ಆ ಮಾತುಗಳನ್ನು ಅಳತೆಪಟ್ಟಿಯಿಂದ ಕೇಳಿಸಿಕೊಂಡವನಿಗೆ ಹಳೆಯ ಚೌಕಟ್ಟು ಹೊಸ ಹಾದಿಯಲ್ಲಿಯೂ ಒದಗಿಬರುತ್ತದೆ. ನಾಳೆ ನಿಮ್ಮ ಸೈಕಲ್ಲನ್ನು ಹೊರಕ್ಕೆ ತೆಗೆಯುವಾಗ ಟಯರಿನ ಪಕ್ಕದ ಧೂಳನ್ನು ಒರೆಸಿ, ಅಲ್ಲಿ ಬರೆದಿರುವ ಸಂಖ್ಯೆಗಳನ್ನು ಒಮ್ಮೆ ಓದಿರಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಾಳಿಯ ಟಯರಿಗೆ ಮೊದಲು ಪೇಟೆಂಟ್ ಪಡೆದವರು ಯಾರು?
2. ಟಯರಿನ ಮೇಲೆ 47-584 ಎಂದು ಬರೆದಿದ್ದರೆ ಅದರ ಅರ್ಥವೇನು?
3. ಡಿಸ್ಕ್ ಬ್ರೇಕಿನ ತಟ್ಟೆಯನ್ನು ಗಾಲಿಯ ಯಾವ ಭಾಗಕ್ಕೆ ಜೋಡಿಸಿರುತ್ತಾರೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೊರವ್ಯಾಸ ಬದಲಾಗದೆ ಟಯರು ಅಗಲವಾಗಬೇಕಾದರೆ ರಿಮ್ಮು ಏಕೆ ಚಿಕ್ಕದಾಗಬೇಕು?
2. ಹಳೆಯ ಬಗೆಯ ಬ್ರೇಕಿದ್ದಾಗ ರಿಮ್ಮಿನ ಅಳತೆಯನ್ನು ಬದಲಾಯಿಸುವುದು ಏಕೆ ಕಷ್ಟವಾಗಿತ್ತು?
3. ಟಯರಿಗೂ ಚೌಕಟ್ಟಿಗೂ ನಡುವೆ ಬಿಡುವಿಲ್ಲದಿದ್ದರೆ ಆಗುವ ಅಪಾಯವೇನು?

ಇ) ಈ ಪದಗಳನ್ನು ಬಿಡಿಸಿ ಸಂಧಿಯನ್ನು ಹೆಸರಿಸಿರಿ.
ಮಳೆಗಾಲ, ಮಾತೊಂದು, ಗಾಲಿಯನ್ನು

ಈ) ಲೆಕ್ಕ ಮಾಡಿರಿ.
40-622 ಮತ್ತು 50-584 ಟಯರುಗಳ ಹೊರವ್ಯಾಸಗಳನ್ನು ಕಂಡುಹಿಡಿಯಿರಿ. ಮೊದಲನೆಯದರ ಬದಲು ಎರಡನೆಯದನ್ನು ಹಾಕಿದರೆ ಪೆಡಲು ನೆಲಕ್ಕೆ ಎಷ್ಟು ಹತ್ತಿರವಾಗುತ್ತದೆ?