ಹಳೆಯ ಒಲೆಗೆ ಹೊಗೆಕೊಳವೆ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಅಡಿಗೆಮನೆಯನ್ನು ಗುರುತಿಸುವುದು ಕಷ್ಟವಲ್ಲ. ಕಪ್ಪಾದ ತೊಲೆ, ಮಸಿ ಹಿಡಿದ ಗೋಡೆ, ಮೇಲೊಂದು ಬೆಳಕಿಂಡಿ. ಬೆಳಕು ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು ಎಂಬುದು ಹಿರಿಯರ ಲೆಕ್ಕ. ಆದರೆ ಹೊಗೆಯು ಬೆಳಕಿಂಡಿಯನ್ನು ಮುಟ್ಟುವ ಮೊದಲು ರೊಟ್ಟಿ ಬಡಿಯುವ ಅವ್ವನ ಕಣ್ಣು, ಮೂಗು, ಪುಪ್ಪುಸಗಳನ್ನು ಹಾಯ್ದೇ ಹೋಗುತ್ತದೆ. 2016ರ ಉಜ್ವಲಾ ಯೋಜನೆಯಿಂದ ಅನೇಕ ಮನೆಗಳಿಗೆ ಗ್ಯಾಸು ಬಂದಿದೆ. ಆದರೂ ರೊಟ್ಟಿಗೆ, ಸ್ನಾನದ ನೀರಿಗೆ ಕುಳ್ಳು, ತೊಗರಿಕಟ್ಟಿಗೆ ಉರಿಯುವುದು ಎಲ್ಲ ಕಡೆ ನಿಂತಿಲ್ಲ. ಆದ್ದರಿಂದ ಇರುವ ಒಲೆಯ ಜಾಗದಲ್ಲಿಯೇ ಹೊಗೆರಹಿತ ಒಲೆಯನ್ನು ಕೂಡಿಸುವ ಬಗೆಯನ್ನು ವಿಚಾರಿಸೋಣ.

ಇದು ಹೊಸ ವಿಚಾರವಲ್ಲ. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಡಾ. ಎಸ್. ಪಿ. ರಾಜು ಅವರು ಕೊಳವೆಯುಳ್ಳ ಮಣ್ಣಿನ ಒಲೆಯ ವಿಷಯವಾಗಿ 1953ರಲ್ಲಿ ಪುಸ್ತಕವನ್ನೇ ಬರೆದರು. ಆಗ ನಮ್ಮ ಭಾಗವೂ ಹೈದರಾಬಾದ್ ರಾಜ್ಯದಲ್ಲಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮುಂದೆ ಮೂರು ಪಾತ್ರೆಗಳ 'ಅಸ್ತ್ರ ಒಲೆ'ಯನ್ನು ರೂಪಿಸಿತು.

ಇದರ ತತ್ತ್ವ ಸರಳ. ಕಾದ ಗಾಳಿ ಹಗುರವಾಗಿ ಕೊಳವೆಯಲ್ಲಿ ಮೇಲಕ್ಕೇರುತ್ತದೆ. ಅದರ ಸೆಳೆತಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ಒಳನುಗ್ಗಿ ಬೆಂಕಿಯನ್ನು ಚೆನ್ನಾಗಿ ಉರಿಸುತ್ತದೆ. ಉರಿಯು ಒಂದನೆಯ ಪಾತ್ರೆಯ ಕೆಳಗಿಂದ ಎರಡನೆಯದಕ್ಕೆ ಸಾಗಿ, ಶಾಖವನ್ನು ಕೊಟ್ಟ ಮೇಲೆಯೇ ಹೊಗೆಯಾಗಿ ಹೊರಬೀಳುತ್ತದೆ. ಹೀಗೆ ಕಟ್ಟಿಗೆಯೂ ಉಳಿಯುತ್ತದೆ.

ಕೂಡಿಸುವಾಗ ಗಮನಿಸಬೇಕಾದ ಮಾತುಗಳು:

1. ಬರಿಯ ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಅದಕ್ಕೆ ಮರಳು, ಹೊಟ್ಟು, ಸಗಣಿ ಕೂಡಿಸಿ ಹದವಾಗಿ ತುಳಿಯಬೇಕು. ಹುತ್ತದ ಮಣ್ಣು ಸಿಕ್ಕರೆ ಉತ್ತಮ.

2. ಒಲೆಯ ಕಣ್ಣುಗಳನ್ನು ಮನೆಯ ಹಂಚು, ಗಡಿಗೆಗಳ ಅಳತೆಗೇ ಮಾಡಬೇಕು. ಸಂದು ಉಳಿದರೆ ಅಲ್ಲಿಂದಲೇ ಹೊಗೆ ಬರುತ್ತದೆ. ಪಾತ್ರೆಯಿಲ್ಲದ ಕಣ್ಣನ್ನು ಮುಚ್ಚಿಡಬೇಕು.

3. ಕೊಳವೆಯ ಒಳ ಅಗಲ ಸುಮಾರು 10 ಸೆಂಟಿಮೀಟರ್ ಇರಲಿ. ಅದು ಮಾಳಿಗೆಯ ಮೇಲೆ ಕನಿಷ್ಠ 2 ಅಡಿ ನಿಲ್ಲಬೇಕು, ಕುಂಬಿಗಿಂತ ಎತ್ತರವಿರಬೇಕು. ಮೇಲೆ ಮಳೆಗೆ ಟೊಪ್ಪಿಗೆ ಬೇಕು. ತೊಲೆಯಿಂದ ಕೊಳವೆ ಒಂದು ಗೇಣಾದರೂ ದೂರವಿರಲಿ. ಹಳೆಯ ಆಸ್ಬೆಸ್ಟಾಸ್ ಕೊಳವೆ ಬೇಡ. ಅದರ ಧೂಳು ಪುಪ್ಪುಸಕ್ಕೆ ಕೇಡು.

4. ಕೊಳವೆಗಾಗಿ ಗೋಡೆಯನ್ನು ಒಡೆಯಬಾರದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಕಿಲ್ಲಾರಿ ಭೂಕಂಪವನ್ನು ನಮ್ಮ ಹಿರಿಯರು ಮರೆತಿಲ್ಲ. ಅಂದು ಸಾವಿರಾರು ಜೀವಗಳು ಹೋದದ್ದು ಬಹುಮಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಕುಸಿದುದರಿಂದ. ಅಂಥ ಗೋಡೆಯಿಂದ ಒಂದು ಕಲ್ಲು ಕಿತ್ತರೂ ಅದು ಸಡಿಲಾಗುತ್ತದೆ. ಇರುವ ಬೆಳಕಿಂಡಿಯ ಒಂದು ಬದಿಯಿಂದಲೇ ಕೊಳವೆಯನ್ನು ಏರಿಸುವುದು ಲೇಸು.

5. ತಿಂಗಳಿಗೊಮ್ಮೆ ಕೊಳವೆಯ ಮಸಿಯನ್ನು ಕೆಡವಬೇಕು. ಮಸಿ ಕಟ್ಟಿದರೆ ಹೊಗೆ ಅಡಿಗೆಮನೆಗೇ ಮರಳುತ್ತದೆ, ಕೆಲವೊಮ್ಮೆ ಮಸಿಗೇ ಬೆಂಕಿ ಹತ್ತುತ್ತದೆ. ಹಸಿ ಕಟ್ಟಿಗೆ ಉರಿಸಿದಷ್ಟೂ ಮಸಿ ಹೆಚ್ಚು.

ಇಷ್ಟೆಲ್ಲ ಸರಿಯಾಗಿದ್ದರೂ ಕೆಲವು ಮನೆಗಳಲ್ಲಿ ಇಂಥ ಒಲೆ ಮೂಲೆಗೆ ಬಿದ್ದುದನ್ನು ನಾವು ನೋಡಿದ್ದೇವೆ. ಕಾರಣವೇನು? ಹಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡಕ್ಕೆ ಒರಗಿಸಿ ಉಬ್ಬಿಸುವುದು ನಮ್ಮ ರೂಢಿ. ಕಟ್ಟುವವರು ಬಾಯಿಯನ್ನು ಕಿರಿದು ಮಾಡಿ, ಮುಂದೆ ಕೆಂಡ ಎಳೆಯಲು ಜಾಗವನ್ನೇ ಬಿಡಲಿಲ್ಲ. ರೊಟ್ಟಿ ಉಬ್ಬದ ಒಲೆಯನ್ನು ಯಾವ ಅವ್ವ ಇಟ್ಟುಕೊಂಡಾಳು? ಅವಳನ್ನು ಮೊದಲೇ ಕೇಳಿದ್ದರೆ ಒಂದು ಗೇಣಿನ ಕಟ್ಟೆಯನ್ನು ಮುಂದೆ ಬಿಟ್ಟು ಕಟ್ಟಬಹುದಿತ್ತು.

ವಿದ್ಯಾರ್ಥಿ ಮಿತ್ರರೇ, ವಿಜ್ಞಾನದ ಪುಸ್ತಕದಲ್ಲಿ ಓದಿದ ಗಾಳಿಯ ಗುಣವನ್ನು ಪರೀಕ್ಷಿಸಲು ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ. ಇಂದು ಸಂಜೆ ಒಲೆಯ ಮುಂದೆ ಅವ್ವನ ಜಾಗದಲ್ಲಿ ಹತ್ತು ನಿಮಿಷ ಕುಳಿತು ನೋಡಿರಿ. ಕಣ್ಣು ಉರಿದರೆ, ಮರುದಿನ ತಂದೆಯವರೊಡನೆ ಅಳತೆಯ ದಾರ ಹಿಡಿಯಿರಿ. ಆದರೆ ಮೊದಲ ಮಾತನ್ನು ಅವ್ವನನ್ನೇ ಕೇಳಿರಿ.