ಮೈಸೂರಿನ ಫ್ಲಾಟೋ, ಮಸಿನಗುಡಿಯ ಮನೆಯೋ?

ಪ್ರಶ್ನೆ: ನಾವು ನೀಲಗಿರಿಯ ಮಸಿನಗುಡಿ ಬಳಿಯ ಮೋಯಾರ್‌ನವರು. ಅಪ್ಪ ಅಲ್ಲಿನ ವಿದ್ಯುತ್ ಮಂಡಳಿಯ ನೌಕರರು. ಮುಂದಿನ ವರ್ಷ ನಿವೃತ್ತಿ, ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ನಾನೂ ನನ್ನ ಹೆಂಡತಿಯೂ ಮೈಸೂರಿನಲ್ಲಿ ಕೆಲಸದಲ್ಲಿದ್ದೇವೆ, ಬಾಡಿಗೆ ಮನೆ. ಇಬ್ಬರ ಮನೆತನದಲ್ಲೂ ಸ್ವಂತ ಮನೆ ಕೊಂಡವರಿಲ್ಲ, ನಾವೇ ಮೊದಲು. ಸಾಲ ಸೇರಿಸಿದರೆ ಸುಮಾರು 50 ಲಕ್ಷ ಹೊಂದಿಸಬಹುದು. ಮೈಸೂರಿನಲ್ಲಿ ಎರಡು ಕೋಣೆಯ ಫ್ಲಾಟ್ ತೆಗೆದುಕೊಳ್ಳೋಣ ಎಂದು ನಾವು. ಫ್ಲಾಟ್ ಅಂದರೆ ಗಾಳಿಯಲ್ಲಿರುವ ಮನೆ, ಮಸಿನಗುಡಿ ಸುತ್ತ ಜಾಗ ತೆಗೆದು ಮನೆ ಕಟ್ಟಿ ಎಂದು ಅಪ್ಪ. ಯಾರ ಮಾತು ಸರಿ?

ಉತ್ತರ: ನೀವು ಕೇಳುತ್ತಿರುವುದು ಒಂದು ಮನೆಯ ವಿಷಯವಲ್ಲ, ಎರಡು ಮನೆಗಳ ವಿಷಯ. ಒಂದು, ನೀವಿಬ್ಬರೂ ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವ ಮನೆ. ಇನ್ನೊಂದು, ಅಪ್ಪ ಅಮ್ಮ ಉಳಿದ ಆಯುಷ್ಯ ಕಳೆಯುವ ಮನೆ. ಒಂದೇ ಸಾಲದಲ್ಲಿ ಎರಡನ್ನೂ ತೀರಿಸಲು ಹೊರಟಿರುವುದರಿಂದ ಫ್ಲಾಟೋ ಮನೆಯೋ ಎಂಬುದು ಇಷ್ಟು ತೊಡಕಾಗಿ ಕಾಣುತ್ತಿದೆ.

ಅಪ್ಪನ ಮಾತಿಗೆ ಅರ್ಥವಿದೆ. ಕಾಲಡಿಯ ನೆಲ ನಮ್ಮದಾಗಿರಬೇಕು ಎನ್ನುವ ಆಸೆ ಕ್ವಾರ್ಟರ್ಸ್‌ನಲ್ಲಿ ಬದುಕಿದವರಿಗೆ ಇರುವಷ್ಟು ಬೇರೆಯವರಿಗೆ ಇರಲಾರದು. ಇವತ್ತು ನಾವು ಕಾಣುವ ಮೋಯಾರ್ ಬೆಳೆದದ್ದೇ ಕರೆಂಟಿನಿಂದ. 1932ರಲ್ಲಿ ಪೈಕಾರ ವಿದ್ಯುದಾಗಾರ ಶುರುವಾಯಿತು. ಅದು ಬಿಟ್ಟ ನೀರನ್ನು ಮರವಕಂಡಿಯಲ್ಲಿ ತಡೆದು, ಕಾಲುವೆಯಲ್ಲಿ ತಂದು, ಕಮರಿಯ ಅಂಚಿನಿಂದ ಕೆಳಕ್ಕೆ ಧುಮುಕಿಸುವ 36 ಮೆಗಾವ್ಯಾಟ್‌ನ ಮೋಯಾರ್ ವಿದ್ಯುದಾಗಾರ 1950ರ ದಶಕದ ಆರಂಭದಲ್ಲಿ ಬಂತು. ಅದರ ಕೆಲಸಕ್ಕೆ ಬಂದವರಿಗೆ ಸೂರು ಮಂಡಳಿಯದು, ನೀರು ಮಂಡಳಿಯದು. ಪಟ್ಟಾ (ಹಕ್ಕುಪತ್ರ), ಚಿಟ್ಟಾ (ಜಮೀನಿನ ದಾಖಲೆ), ವಿಲ್ಲಂಗ (ಋಣಭಾರ) ಎಂಬ ಮಾತುಗಳ ಹಂಗೇ ಇಲ್ಲದೆ ಸಂಸಾರಗಳು ನಡೆದವು. ನಿಮ್ಮ ಮನೆಗೆ ಈಗ ಬೇಕಾಗಿರುವುದು ಆ ಕಾಗದಗಳ ತಿಳಿವಳಿಕೆಯೇ. ಆದ್ದರಿಂದ ಮಸಿನಗುಡಿ ಕಡೆಯ ಜಾಗದ ವಿಚಾರವನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ.

ಮೋಯಾರ್ ಕಮರಿಗೂ ನೀಲಗಿರಿಯ ಬೆಟ್ಟದ ಗೋಡೆಗೂ ನಡುವೆ ಇರುವ ಸೀಗೂರು ಪ್ರಸ್ಥಭೂಮಿ ಅಗಲದಲ್ಲಿ ಕಿರಿದು. ಪಶ್ಚಿಮ ಘಟ್ಟದ ಆನೆಗಳು ಪೂರ್ವ ಘಟ್ಟದ ಕಡೆ ಹೋಗಿ ಬರುವುದು ಈ ನೆಲದ ಮೇಲೆ. 2010ರಲ್ಲಿ ತಮಿಳುನಾಡು ಸರ್ಕಾರ ಇಲ್ಲಿ ಆನೆ ಕಾರಿಡಾರ್ ಗುರುತಿಸಿ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಹಲವು ರೆಸಾರ್ಟ್‌ಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ಉಳಿಸಿ, ಜಮೀನುದಾರರ ಆಕ್ಷೇಪಗಳನ್ನು ಕೇಳಲು ಒಂದು ಸಮಿತಿಗೆ ಒಪ್ಪಿಸಿತು. ಆ ತೀರ್ಪು ಸರಿಯಾದುದೆಂದೇ ನನ್ನ ಅಭಿಪ್ರಾಯ. ಆನೆಗೆ ಬೇರೆ ದಾರಿಯಿಲ್ಲ. ಆದರೆ ಬೀಗದ ಏಟು ರೆಸಾರ್ಟ್ ಮಾಲೀಕರಿಗೆ ಬಿದ್ದಂತೆಯೇ, ಗೊತ್ತಿಲ್ಲದೆ ಸೈಟು ಕೊಂಡ ನಿವೃತ್ತ ನೌಕರನಿಗೂ ಬೀಳಬಹುದು. ನಿಮಗೆ ತೋರಿಸಿದ ಜಾಗದ ಸರ್ವೆ ನಂಬರ್ ಕಾರಿಡಾರ್ ಪಟ್ಟಿಯಲ್ಲಿದೆಯೇ ಎಂದು ಬರವಣಿಗೆಯಲ್ಲಿ ತಿಳಿಯದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ದಲ್ಲಾಳಿ ಬಾಯಿಮಾತಿನಲ್ಲಿ ‘ಇದು ಹೊರಗಿದೆ ಸಾರ್’ ಎಂದರೆ ಅದಕ್ಕೆ ಬೆಲೆಯಿಲ್ಲ.

ಕಾರಿಡಾರ್‌ನ ಹೊರಗಿದ್ದರೂ ಮುಗಿಯಲಿಲ್ಲ. 1949ರ ಖಾಸಗಿ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಬರುವ ಜಮೀನನ್ನು ಮುಂಚಿತವಾಗಿ ಅನುಮತಿ ಪಡೆಯದೆ ಮಾರಿದರೆ ಆ ಮಾರಾಟಕ್ಕೆ ಕಾನೂನಿನ ಬಲವಿಲ್ಲ. ಆದಿವಾಸಿ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ನೆಲ ಅವರ ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರಾಟಕ್ಕೆ ಬರುವುದಿಲ್ಲ. ಇರುಳರ, ಕುರುಂಬರ ಜಾಗವನ್ನು ಅಗ್ಗವಾಗಿ ಕೊಡಿಸುತ್ತೇನೆ ಎನ್ನುವವನು ಅವರಿಗೂ ನಿಮಗೂ ಒಟ್ಟಿಗೆ ಮೋಸ ಮಾಡುತ್ತಿದ್ದಾನೆ. ಸರ್ಕಾರ ಭೂಹೀನರಿಗೆ ಕೊಟ್ಟ ಕಂಡಿಷನ್ ಪಟ್ಟಾ ಜಾಗಗಳ ಷರತ್ತುಗಳನ್ನೂ ಹೀಗೇ ಓದಿ ನೋಡಬೇಕು. ಇಲ್ಲಿ ಬೇಡ, ಗೂಡಲೂರು ಕಡೆ ಹೋಗೋಣ ಎಂದರೆ ಅಲ್ಲಿ ಜನ್ಮಂ ಎಂಬ ಹಳೆಯ ಜಮೀನ್ದಾರಿ ಒಡೆತನದ ಭೂಮಿಯ ತಕರಾರು ಕಾದಿದೆ. 1969ರ ಜನ್ಮಂ ರದ್ದತಿ ಕಾಯ್ದೆಯ 17ನೇ ಸೆಕ್ಷನ್‌ಗೆ ಸೇರಿದ ನೆಲದಲ್ಲಿ ದಶಕಗಳಿಂದ ಮನೆ ಕಟ್ಟಿಕೊಂಡವರಿಗೂ ಪಟ್ಟಾ ಸಿಕ್ಕಿಲ್ಲ. ಪಟ್ಟಾ ಇಲ್ಲದ ಕಡೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಬ್ಯಾಂಕಿನ ವಕೀಲ ಬೇಡವೆಂದ ಜಾಗವನ್ನು ಕೈಯಲ್ಲಿರುವ ದುಡ್ಡಿನಿಂದ ಕೊಳ್ಳುವುದು ಧೈರ್ಯದ ಕೆಲಸವಲ್ಲ. ಆ ವಕೀಲ ಪುಕ್ಕಟೆಯಾಗಿ ನಿಮ್ಮನ್ನು ಕಾಪಾಡಿದ್ದಾನೆ.

ಜಾಗ ಶುದ್ಧವಾಗಿದ್ದರೂ ಕಟ್ಟಲು ಪಂಚಾಯಿತಿಯ ಒಪ್ಪಿಗೆಯ ಜತೆಗೆ ಗುಡ್ಡಗಾಡು ಸಂರಕ್ಷಣಾ ಪ್ರಾಧಿಕಾರದ ನಿಯಮಗಳಿವೆ. ನೀಲಗಿರಿಯಲ್ಲಿ ಕಟ್ಟಡದ ಎತ್ತರಕ್ಕೆ 7 ಮೀಟರ್ ಮಿತಿಯಿದೆ. ಅರ್ಜಿ ಹಾಕಿ ಕಾಯುವ ಕಾಲವೂ ಖರ್ಚೇ. ಮೈಸೂರಿನಲ್ಲಿ ಕೆಲಸ ಮಾಡುತ್ತಾ ವಾರದ ರಜೆಯಲ್ಲಿ ಬಂಡೀಪುರ ದಾಟಿ ಹೋಗಿ ಮನೆ ಕಟ್ಟಿಸುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಬಂಡೀಪುರದ ರಸ್ತೆಗೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬೀಗ. ಆಂಬುಲೆನ್ಸ್‌ಗೆ ದಾರಿ ಬಿಡುತ್ತಾರೆ, ನಿಜ. ಆದರೆ ಮುಂದೆ ಎಪ್ಪತ್ತು ದಾಟಿದ ಮೇಲೆ ಅಪ್ಪನಿಗೆ ನಡುರಾತ್ರಿ ಎದೆ ಹಿಡಿದುಕೊಂಡರೆ ನಿಮ್ಮ ಕಾರು ಗೇಟಿನ ಈಚೆ ನಿಂತಿರುತ್ತದೆ. ಮನೆ ಕಟ್ಟುವ ಮೊದಲು ಅಪ್ಪನ ಜತೆ ಕೂತು ಮಾತಾಡಬೇಕಾದ ವಿಷಯ ಇದು.

ಇನ್ನು ಫ್ಲಾಟ್ ಗಾಳಿಯಲ್ಲಿದೆ ಎಂಬ ಮಾತು. ಪೂರ್ತಿ ನಿಜವಲ್ಲ. ಫ್ಲಾಟಿನ ಕ್ರಯಪತ್ರದಲ್ಲಿ ನೆಲದ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಬರೆದಿರುತ್ತದೆ. ನೀವು ಕೊಳ್ಳುವ ಭೂಮಿ ಅದೇ. 60×40ರ ಸೈಟಿನಲ್ಲಿ ಆರು ಫ್ಲಾಟಿದ್ದರೆ ತಲೆಗೆ 400 ಚದರಡಿ. ಅಷ್ಟೇ ನೆಲದ ಮೇಲೆ ಹನ್ನೆರಡು ಮನೆ ಏರಿಸಿದ್ದರೆ 200. ಕಟ್ಟಡ ವರ್ಷ ವರ್ಷ ಹಳೆಯದಾಗುತ್ತದೆ, ಬೆಲೆ ಏರುವುದು ನೆಲಕ್ಕೆ. ಹಾಗಾಗಿ ಈಜುಕೊಳ, ಜಿಮ್ಮು ನೋಡುವ ಮೊದಲು ಆ ಚದರಡಿ ನೋಡಿ. ನನ್ನ ಕೇಳಿದರೆ, ನಿಮ್ಮ ಬಜೆಟ್‌ನವರಿಗೆ ಹದಿನಾಲ್ಕು ಅಂತಸ್ತಿನ ಗೋಪುರಕ್ಕಿಂತ ಮೂರು ನಾಲ್ಕು ಅಂತಸ್ತಿನ, ಲಿಫ್ಟ್ ಇರುವ ಕಟ್ಟಡ ಲೇಸು. ನಿರ್ವಹಣೆಯ ಖರ್ಚು ಕಡಿಮೆ, ಸಂಘದ ಸಭೆಯಲ್ಲಿ ನಿಮ್ಮ ದನಿಯೂ ಕೇಳುತ್ತದೆ.

ಆದರೆ ಚಿಕ್ಕ ಕಟ್ಟಡದಲ್ಲಿ ಒಂದು ತೊಡಕಿದೆ. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಫ್ಲಾಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯವಲ್ಲ. 60×40ರ ಸೈಟು ಸುಮಾರು 223 ಚದರ ಮೀಟರ್ ಅಷ್ಟೇ. ನೋಂದಾಯಿತ ಯೋಜನೆಯಲ್ಲಿ ನಿಮ್ಮ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು. ಬರವಣಿಗೆಯ ಕರಾರಿಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟಡದ ರಚನೆಯಲ್ಲಿ ಐದು ವರ್ಷದೊಳಗೆ ದೋಷ ಕಂಡರೆ ಅವನೇ ಸರಿಮಾಡಿಕೊಡಬೇಕು. ಆ ಕಾವಲು ಇಲ್ಲದ ಚಿಕ್ಕ ಕಟ್ಟಡದಲ್ಲಿ ಅರೆಬರೆ ಕಟ್ಟಿದ ಫ್ಲಾಟ್ ಬೇಡವೇ ಬೇಡ. ಕಟ್ಟಿ ಮುಗಿದ, ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ಬಂದಿರುವ, ಇ-ಖಾತೆ ಆಗಿರುವ ಫ್ಲಾಟನ್ನು ಮಾತ್ರ ನೋಡಿ. ಜನ ವಾಸ ಶುರುಮಾಡಿದ ಮೇಲೆ, ಒಂದು ಮಳೆಗಾಲ ಕಳೆದ ಕಟ್ಟಡವಾದರೆ ಇನ್ನೂ ಒಳ್ಳೆಯದು. ಗೋಡೆಯ ತೇವ ಸುಳ್ಳು ಹೇಳುವುದಿಲ್ಲ. ಮೇಲಿನ ಮಹಡಿಯವರ ಬಾಗಿಲು ತಟ್ಟಿ ನೀರು ಕಾವೇರಿಯದೋ, ಕಬಿನಿಯದೋ, ಬೋರ್‌ವೆಲ್‌ನದೋ, ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತದೆಯೋ ಎಂದು ಕೇಳಿ. ಸಿದ್ಧ ಫ್ಲಾಟಿಗೆ ಜಿಎಸ್‌ಟಿಯೂ ಇಲ್ಲ. ಕಟ್ಟುತ್ತಿರುವ ಹಂತದಲ್ಲಾದರೆ ಸಾಮಾನ್ಯವಾಗಿ ಶೇ. 5.

ಮೈಸೂರಿನಲ್ಲೇ ಸ್ವತಂತ್ರ ಮನೆ ಯಾಕಾಗಬಾರದು? ಆಗಬಹುದು. ಆದರೆ 50 ಲಕ್ಷಕ್ಕೆ ಸೈಟೂ ಕಟ್ಟಡವೂ ಆಗಬೇಕೆಂದರೆ ಊರಿನ ಅಂಚಿಗೆ ಹೋಗಬೇಕು. ಅಲ್ಲಿ ಭೂ ಪರಿವರ್ತನೆ, ಬಡಾವಣೆಯ ಮಂಜೂರಾತಿ, ಒಳಚರಂಡಿ ಎಲ್ಲ ಮತ್ತೆ ಕಾಗದದ ಪರೀಕ್ಷೆ. ಕಟ್ಟುವಷ್ಟು ಕಾಲ ಬಾಡಿಗೆಯೂ ಬಡ್ಡಿಯೂ ಜೋಡಿಯಾಗಿ ಹೋಗುತ್ತವೆ. 40 ಲಕ್ಷದ ಮೇಲೆ ಶೇ. 8.5ರ ಬಡ್ಡಿಯೊಂದೇ ತಿಂಗಳಿಗೆ 28 ಸಾವಿರ ದಾಟುತ್ತದೆ. ಕಟ್ಟಿಸುವುದನ್ನು ನಿಂತು ನೋಡಲು ಮನೆಯಲ್ಲಿ ಬಿಡುವಿರುವ ಒಬ್ಬರಾದರೂ ಬೇಕು. ನೀವಿಬ್ಬರೂ ಕೆಲಸದವರು.

ಲೆಕ್ಕ ಇನ್ನೊಂದಿದೆ, ಬಹಳ ಮಂದಿ ಮುಗ್ಗರಿಸುವುದು ಇಲ್ಲಿ. 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕ್ ಆಸ್ತಿಯ ಬೆಲೆಯ ಶೇ. 80ರವರೆಗೆ ಮಾತ್ರ ಕೊಡುತ್ತದೆ. 50 ಲಕ್ಷದ ಫ್ಲಾಟಿಗೆ 10 ಲಕ್ಷ ನಿಮ್ಮ ಕೈಯಿಂದ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಆ ಸಾಲದಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ ಈಗಿನ ದರಕ್ಕೆ ಅದು ಮೂರೂಮುಕ್ಕಾಲು ಲಕ್ಷದ ಆಸುಪಾಸು. ಉಳಿದ 40 ಲಕ್ಷವನ್ನು ಇಪ್ಪತ್ತು ವರ್ಷಕ್ಕೆ ಶೇ. 8.5ರಲ್ಲಿ ತೀರಿಸಿದರೆ ತಿಂಗಳ ಕಂತು 34,700ರ ಸುತ್ತ. ಒಟ್ಟು ಕಟ್ಟುವುದು 83 ಲಕ್ಷ. ಆದ್ದರಿಂದ ಹೊಂದಿಸಬಹುದಾದ 50 ಲಕ್ಷದಲ್ಲಿ ನೋಡಬೇಕಾದದ್ದು 45 ಲಕ್ಷದೊಳಗಿನ ಮನೆಯನ್ನು. ಅಪ್ಪನ ಗ್ರಾಚ್ಯುಯಿಟಿ, ಭವಿಷ್ಯನಿಧಿಯನ್ನು ಇದಕ್ಕೆ ಮುಟ್ಟಬೇಡಿ. ಅದು ಅವರ ಔಷಧದ, ಮರ್ಯಾದೆಯ ಹಣ.

ನನ್ನ ತೀರ್ಮಾನ ಹೀಗಿದೆ. ಮೈಸೂರಿನಲ್ಲಿ, ಕೆಲಸದ ಜಾಗಕ್ಕೆ ಬಸ್ಸಿರುವ ಕಡೆ, ನೆಲದ ಪಾಲು ಚೆನ್ನಾಗಿರುವ ಸಿದ್ಧ ಫ್ಲಾಟನ್ನು ಕೊಳ್ಳಿ. ಅಪ್ಪ ಅಮ್ಮ ಯಾವತ್ತಾದರೂ ಬಂದು ಇರುವಂತೆ ಲಿಫ್ಟ್ ಇರಲಿ. ಅವರಿಗೆ ಮಸಿನಗುಡಿಯ ಗಾಳಿ, ಗೆಳೆಯರು, ಮಾರಿಯಮ್ಮನ ಜಾತ್ರೆ ಬಿಟ್ಟು ಬರಲು ಮನಸ್ಸಿಲ್ಲದಿದ್ದರೆ ಊರಿನ ನಡುವೆ, ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಒಂದು ಬಾಡಿಗೆ ಮನೆ ಮಾಡಿಕೊಡಿ. ಅದು ಅವಮಾನವಲ್ಲ. ಒಂದೆರಡು ವರ್ಷ ಅಲ್ಲಿದ್ದು, ಆಮೇಲೂ ಅಲ್ಲೇ ಸ್ವಂತ ಮನೆ ಬೇಕೆಂದರೆ ಖಾಲಿ ಜಾಗ ಬೇಡ. ಪಟ್ಟಾ ಇರುವ, ಕಾರಿಡಾರ್‌ನ ಹೊರಗಿರುವ, ಆಗಲೇ ಕಟ್ಟಿ ವಾಸವಿರುವ ಹಳೆಯ ಮನೆ ನೋಡಿ. ಕೊಳ್ಳುವ ಮೊದಲು ಉದಕಮಂಡಲದಲ್ಲಿ ನಿಮಗೆ ಗೊತ್ತಿರುವ ವಕೀಲರೊಬ್ಬರಿಗೆ ಮೂವತ್ತು ವರ್ಷದ ವಿಲ್ಲಂಗ ಪ್ರಮಾಣಪತ್ರವನ್ನೂ ಮೂಲಪತ್ರಗಳನ್ನೂ ಕೊಟ್ಟು ಓದಿಸಿ. ಮಾರುವವನ ಕಡೆಯ ವಕೀಲರಿಗೆ ಮಾತ್ರ ಕೊಡಬೇಡಿ.