ಹಳೆಯ ರಾಫ್ಟ್ ಕೊಳ್ಳುವ ಮುನ್ನ

ಮಳೆ ಹಿಡಿದು ಕೊಡಗಿನ ಬರಪೊಳೆ ನೊರೆಯುಕ್ಕಿ ಹರಿಯತೊಡಗಿದರೆ ಗೋಣಿಕೊಪ್ಪಲಿನ ಹುಡುಗರಿಗೆ ಸ್ವಂತ ರಾಫ್ಟಿನ ಆಸೆ ಹುಟ್ಟುವುದು ಸಹಜ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಮಡಚಿಟ್ಟಿದ್ದನ್ನು ನೋಡಿ ಮುಂಗಡ ಕೊಡಬೇಡಿ. ಗಾಳಿ ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಗಿನ ಚಳಿಗೆ ಸ್ವಲ್ಪ ಮೆತ್ತಗಾಗುವುದು ದೋಷವಲ್ಲ. ಮುದುಡಿ ಬಿದ್ದರೆ ಸೋರಿಕೆಯೇ. ವಾಲ್ವಿಗೂ ಅಂಟಿಸಿದ ಜೋಡಣೆಗಳಿಗೂ ಸೋಪುನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ.

ಹೆಚ್ಚಿನವರು ಮರೆಯುವುದು ಒಳಗಿನ ಅಡ್ಡಗೋಡೆಯನ್ನು. ರಾಫ್ಟಿನ ಹೊರಕೊಳವೆ ಈ ಗೋಡೆಗಳಿಂದ ಹಲವು ಕೋಣೆಗಳಾಗಿರುತ್ತದೆ. ಒಂದು ಕೋಣೆ ಬಂಡೆಗೆ ತಾಗಿ ಹರಿದರೂ ಉಳಿದವು ತೇಲಿಸಬೇಕು. ಒಂದು ಕೋಣೆಗೆ ಮಾತ್ರ ಹದವಾಗಿ ಗಾಳಿ ತುಂಬಿ, ಪಕ್ಕದ್ದು ತಾನಾಗಿ ಉಬ್ಬುತ್ತದೆಯೇ ನೋಡಿ. ಉಬ್ಬಿದರೆ ಆ ವ್ಯಾಪಾರ ಬಿಡಿ, ಅಡ್ಡಗೋಡೆಯ ರಿಪೇರಿ ಸುಲಭವಲ್ಲ. ಮೇಲಿನ ತೇಪೆಗಳಿಗೆ ಅಷ್ಟು ಹೆದರಬೇಕಿಲ್ಲ, ದುಡಿದ ರಾಫ್ಟಿಗೆ ತೇಪೆ ಇದ್ದೇ ಇರುತ್ತದೆ. ಬಿಸಿಲಲ್ಲಿ ಒಣಗಿ ಬಿರುಕುಬಿಟ್ಟ ಪಿವಿಸಿ ಮಾತ್ರ ಬೇಡ.

ಜೊತೆಗೆ ಪುಕ್ಕಟೆ ಕೊಡುವ ಹಳೆಯ ಲೈಫ್ ಜಾಕೆಟ್ ನಂಬಬೇಡಿ; ಒಳಗಿನ ಫೋಮ್ ಕುಗ್ಗಿರಬಹುದು. ಅದನ್ನು ಹೊಸದೇ ತನ್ನಿ. ಪ್ರವಾಸಿಗರನ್ನು ಹತ್ತಿಸುವ ಯೋಚನೆಯಿದ್ದರೆ, ದುಡ್ಡು ಕೊಡುವ ಮೊದಲೇ ಜಿಲ್ಲಾಡಳಿತದಲ್ಲಿ ಅನುಮತಿಯ ವಿಚಾರ ಕೇಳಿಕೊಳ್ಳಿ.